ಡಿ.ಡಿ.ಟಿ. ಮತ್ತು ಪಾಲ್ ಮ್ಯೂಲರ್

ನಮ್ಮ ಮಲೆನಾಡಿನ ಹಳ್ಳಿಯಲ್ಲಿ ಹುಳುಹುಪ್ಪಟೆಗಳನ್ನು ಕೊಲ್ಲುವ ರಾಸಾಯನಿಕವನ್ನು ಯಾರೂ ವಿಷವೆನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಆದರೂ ಗದ್ದೆಗೆ ಔಷಧಿ ಹೊಡೆದ ದಿನ ನಮ್ಮ ತಂದೆಯವರು ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವುದಿಲ್ಲ. ಔಷಧಿಯಾದ ಮೇಲೆ ಅಂಜಿಕೆ ಏಕೆ? ಕಾಲೇಜಿನ ವಾಚನಾಲಯದಲ್ಲಿ ಪಾಲ್ ಹರ್ಮನ್ ಮ್ಯೂಲರನ ಜೀವನವನ್ನು ಓದಿದಾಗ ಈ ಪ್ರಶ್ನೆ ನನ್ನನ್ನು ಮತ್ತೆ ಕಾಡಿತು.

ಮ್ಯೂಲರನು 1899ರ ಜನವರಿ 12ರಂದು ಸ್ವಿಟ್ಜರ್ಲೆಂಡಿನ ಓಲ್ಟನ್ ಎಂಬ ಊರಿನಲ್ಲಿ ಜನಿಸಿದನು. ಬೆಳೆದದ್ದು ಬಾಸೆಲ್ ನಗರದಲ್ಲಿ. 1916ರಲ್ಲಿ ಶಾಲೆ ಬಿಟ್ಟು ಪ್ರಯೋಗಶಾಲೆಯ ಸಹಾಯಕನಾಗಿ ದುಡಿದನು. ಎರಡು ವರ್ಷಗಳ ತರುವಾಯ ಮರಳಿ ಪುಸ್ತಕ ಹಿಡಿದನು. (ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಇದು ಧೈರ್ಯ ಕೊಡುವ ಸಂಗತಿ.) 1925ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಗೈಗಿ ಕಂಪನಿಯನ್ನು ಸೇರಿದನು.

1935ರಲ್ಲಿ ಆತನ ಗಮನ ಕೀಟನಾಶಕಗಳತ್ತ ತಿರುಗಿತು. ಅಂದು ಬಳಕೆಯಲ್ಲಿದ್ದ ಪಾಷಾಣದ ಸಂಯುಕ್ತಗಳು ಮನುಷ್ಯನಿಗೂ ಮಾರಕ. ಹೂವಿನಿಂದ ತೆಗೆದ ಪೈರಿಥ್ರಮ್ ಬಿಸಿಲು ತಾಗಿದರೆ ಬೇಗನೆ ಸತ್ವ ಕಳೆದುಕೊಳ್ಳುತ್ತಿತ್ತು. ಮ್ಯೂಲರನಿಗೆ ಬೇಕಾಗಿದ್ದುದು ಬೇರೆ: ಕೀಟಕ್ಕೆ ತಾಗಿದೊಡನೆ ಸಾಕಾಗಬೇಕು, ಮನುಷ್ಯರಿಗೂ ಗಿಡಗಳಿಗೂ ಕೇಡಾಗಬಾರದು, ಅಗ್ಗವಾಗಿರಬೇಕು, ಬಹುಕಾಲ ಉಳಿಯಬೇಕು. ನಾಲ್ಕು ವರ್ಷಗಳಲ್ಲಿ ನೂರಾರು ವಸ್ತುಗಳು ವಿಫಲವಾದವು. 1939ರಲ್ಲಿ ಡಿ.ಡಿ.ಟಿ. ಕೈಗೂಡಿತು. ಓಥ್ಮಾರ್ ಝೈಡ್ಲರ್ 1874ರಲ್ಲಿಯೇ ಅದನ್ನು ತಯಾರಿಸಿದ್ದನು, ಆದರೆ ಅದರ ಗುಣ ಬೆಳಕಿಗೆ ಬಂದಿರಲಿಲ್ಲ. ಪ್ರಯೋಗದ ಗಾಜಿನ ಪೆಟ್ಟಿಗೆಯನ್ನು ಚೆನ್ನಾಗಿ ತೊಳೆದ ಮೇಲೂ, ಹೊಸದಾಗಿ ಬಿಟ್ಟ ನೊಣಗಳು ಅದರ ಗೋಡೆಗೆ ತಾಗಿ ಬಿದ್ದುಹೋಗುತ್ತಿದ್ದವು.

ಯುದ್ಧಕಾಲದಲ್ಲಿ ನೇಪಲ್ಸ್ ನಗರಕ್ಕೆ ಟೈಫಸ್ ಜ್ವರ ಬಂದಾಗ, ಹೇನುಗಳನ್ನು ಕೊಲ್ಲಲು ಜನರ ಬಟ್ಟೆಗಳಿಗೆ ಈ ಪುಡಿಯನ್ನು ಊದಿದರು. 1948ರಲ್ಲಿ ಮ್ಯೂಲರನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆತನು ವೈದ್ಯನಲ್ಲ, ಬಹುಮಾನ ಮಾತ್ರ ವೈದ್ಯಶಾಸ್ತ್ರದ್ದು! ನಮ್ಮ ಹಳ್ಳಿಯವರ ಮಾತು ಅಷ್ಟೇನೂ ತಪ್ಪಲ್ಲ.

ಭಾರತದಲ್ಲಿ ಆಗ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದೂ, 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದರು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಅಲ್ಲಿಯೇ ಅದಕ್ಕೆ ಸಾವು. 1961ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 50 ಸಾವಿರಕ್ಕೆ ಇಳಿಯಿತು.

ಆದರೆ ಯಾವ ಗುಣವನ್ನು ಮ್ಯೂಲರನು ನಾಲ್ಕು ವರ್ಷ ಹುಡುಕಿದನೋ ಅದೇ ದೋಷವೂ ಆಯಿತು. ಹೊಲಗಳಿಗೆ ಮಿತಿಯಿಲ್ಲದೆ ಸುರಿದ ಡಿ.ಡಿ.ಟಿ. ಕರಗದೆ ಉಳಿದು, ಮೀನಿನಿಂದ ಹಕ್ಕಿಗೆ ಸೇರಿ, ಕೊಬ್ಬಿನಲ್ಲಿ ಸಂಗ್ರಹವಾಯಿತು. ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಯಿತು. ಸೊಳ್ಳೆಗಳೂ ಅದನ್ನು ತಾಳಿಕೊಳ್ಳುವುದನ್ನು ಕಲಿತವು. ಭಾರತದಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿ 1976ರಲ್ಲಿ 64 ಲಕ್ಷ ಜನರನ್ನು ಹಿಡಿಯಿತು. 1962ರಲ್ಲಿ ರೇಚೆಲ್ ಕಾರ್ಸನ್ ಎಂಬ ಮಹಿಳೆ ಗ್ರಂಥ ಬರೆದು ಎಚ್ಚರಿಸಿದಳು. ಅಮೆರಿಕ 1972ರಲ್ಲಿ ಅದನ್ನು ನಿಷೇಧಿಸಿತು. ನಮ್ಮಲ್ಲಿ ಬೇಸಾಯಕ್ಕೆ ಬಳಸುವುದನ್ನು 1989ರಲ್ಲಿ ನಿಲ್ಲಿಸಿದರು. ಮ್ಯೂಲರನು ಈ ನಿಷೇಧಗಳನ್ನು ನೋಡಲಿಲ್ಲ, 1965ರಲ್ಲಿಯೇ ತೀರಿಕೊಂಡಿದ್ದನು.

ಈ ಕಥೆಯನ್ನು ನಮ್ಮ ಅಜ್ಜಿಗೆ ಹೇಳಿದೆ. ಅವರ ಅಣ್ಣ ಒಬ್ಬ ಎಳವೆಯಲ್ಲಿಯೇ ಚಳಿಜ್ವರದಿಂದ ಹೋದವನು. ಹಕ್ಕಿಗಳ ಮಾತನ್ನು ಅವರು ಸುಮ್ಮನೆ ಕೇಳಿದರು. ಆಮೇಲೆ, ಪಂಪು ಹೊತ್ತು ಬಂದವರು ಗೋಡೆಗೆ ಹೊಡೆದುಹೋದ ವರ್ಷ, ಬಿಳಿಯ ಕಲೆ ಅಳಿಸೀತೆಂದು ಅವರ ತಾಯಿ ದೀಪಾವಳಿಗೂ ಸುಣ್ಣ ಬಳಿಯಲು ಬಿಡಲಿಲ್ಲವೆಂದರು.