ಹಸಿವನ್ನು ಅಳೆದ ವೈದ್ಯ ಪಿರ್ಕೆ

ಅಲರ್ಜಿ ಎಂಬ ಪದವಿಂದು ಹಳ್ಳಿಯಿಂದ ನಗರದವರೆಗೆ ಎಲ್ಲರಿಗೂ ಪರಿಚಿತ. 1906ರಲ್ಲಿ ಆ ಪದವನ್ನು ವೈದ್ಯಶಾಸ್ತ್ರಕ್ಕೆ ನೀಡಿದವರು ಆಸ್ಟ್ರಿಯಾದ ಮಕ್ಕಳ ತಜ್ಞ ಕ್ಲೆಮೆನ್ಸ್ ಫಾನ್ ಪಿರ್ಕೆ. ಮರುವರ್ಷ ಕ್ಷಯದ ಸೋಂಕನ್ನು ಚರ್ಮದ ಮೇಲೆಯೇ ಪತ್ತೆಹಚ್ಚುವ ಪರೀಕ್ಷೆಯನ್ನೂ ಅವರು ರೂಪಿಸಿದರು. ಮೊದಲ ಮಹಾಯುದ್ಧದ ನಂತರ ಹಸಿದ ವಿಯೆನ್ನಾ ನಗರದ ಮಕ್ಕಳಿಗೆ ಆಹಾರ ಒದಗಿಸಿದ ಅವರ ಸೇವೆ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1874ರ ಮೇ 12ರಂದು ವಿಯೆನ್ನಾ ಸಮೀಪದ ಹಿರ್ಶ್‌ಸ್ಟೆಟನ್‌ನಲ್ಲಿ ಜನಿಸಿದ ಪಿರ್ಕೆ ಮೊದಲು ದೇವತಾಶಾಸ್ತ್ರ ಮತ್ತು ತತ್ತ್ವಶಾಸ್ತ್ರವನ್ನು ಅಭ್ಯಸಿಸಿ, ಅನಂತರ ವೈದ್ಯಕೀಯದತ್ತ ಹೊರಳಿದರು. 1900ರಲ್ಲಿ ಗ್ರಾಜ್‌ನಲ್ಲಿ ಪದವಿ ಪಡೆದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಹಾಗೂ ಬ್ರೆಸ್ಲಾವ್‌ನಲ್ಲಿ ಪ್ರಾಧ್ಯಾಪಕರಾಗಿದ್ದು, 1911ರಲ್ಲಿ ವಿಯೆನ್ನಾದ ಮಕ್ಕಳ ಚಿಕಿತ್ಸಾಲಯದ ಮುಖ್ಯಸ್ಥರಾದರು.

1918ರ ನವೆಂಬರ್‌ನಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ ಕುಸಿಯಿತು. ಸುಮಾರು 20 ಲಕ್ಷ ಜನರ ರಾಜಧಾನಿ ಪುಟ್ಟದೊಂದು ದೇಶದ ಪಾಲಾಯಿತು. ಹಂಗೆರಿಯ ಧಾನ್ಯ, ಬೊಹೀಮಿಯಾದ ಕಲ್ಲಿದ್ದಲು ಗಡಿಯಾಚೆ ಉಳಿದವು. ಹಾಲು ಅಪರೂಪವಾಯಿತು, ಕ್ಷಯ ಮತ್ತು ರಿಕೆಟ್ಸ್ ಹೆಚ್ಚಿದವು. 1919ರಲ್ಲಿ ಹರ್ಬರ್ಟ್ ಹೂವರ್ ನೇತೃತ್ವದ ಅಮೆರಿಕನ್ ಪರಿಹಾರ ಸಂಸ್ಥೆ ಮಕ್ಕಳಿಗೆ ಆಹಾರ ಒದಗಿಸಲು ಮುಂದಾದಾಗ ಆ ಕಾರ್ಯದ ಹೊಣೆ ಪಿರ್ಕೆಯವರ ಹೆಗಲೇರಿತು.

ಬಂದ ದಾಸ್ತಾನು ಎಲ್ಲರಿಗೂ ಸಾಲುವಂತಿರಲಿಲ್ಲ. ಯಾವ ಮಗುವಿಗೆ ಕೊಡಬೇಕು, ಯಾವ ಮಗುವನ್ನು ಬಿಡಬೇಕು ಎಂಬುದೇ ಕಠಿಣ ಪ್ರಶ್ನೆ. ತಾಯಿಯ ಕಣ್ಣೀರು ಅಥವಾ ತಂದೆಯ ಪ್ರಭಾವ ಅದನ್ನು ನಿರ್ಧರಿಸಬಾರದೆಂದು ಪಿರ್ಕೆ ಅಳತೆಗೆ ಮೊರೆಹೋದರು. ಯುದ್ಧಕಾಲದಲ್ಲೇ ಅವರು ‘ನೆಮ್’ ಎಂಬ ಮಾನವನ್ನು ರೂಪಿಸಿದ್ದರು. ಒಂದು ಗ್ರಾಂ ಹಾಲಿನ ಪೋಷಣಶಕ್ತಿಯೇ ಒಂದು ನೆಮ್, ಅಂದರೆ ಸುಮಾರು 0.67 ಕಿಲೋಕ್ಯಾಲರಿ. ಒಂದು ಗ್ರಾಂ ಹಿಟ್ಟಿಗೆ 5, ಸಕ್ಕರೆಗೆ 6 ನೆಮ್. ಇದರಿಂದ ಕ್ಯಾಲರಿಯ ಪರಿಚಯವಿಲ್ಲದ ಅಡುಗೆಯವರೂ ಊಟದ ಲೆಕ್ಕ ಹಾಕಬಹುದಿತ್ತು.

ಮಗುವಿನ ಅಗತ್ಯವನ್ನು ಅವರು ವಯಸ್ಸಿನ ಬದಲು ಕುಳಿತಾಗಿನ ಎತ್ತರದಿಂದ ಗಣಿಸಿದರು. ಆ ಎತ್ತರ ಮತ್ತು ತೂಕವನ್ನು ಹೋಲಿಸುವ ‘ಪೆಲಿಡಿಸಿ’ ಎಂಬ ಸೂಚ್ಯಂಕ ಅಪೌಷ್ಟಿಕತೆಯ ಮಟ್ಟವನ್ನು ತೋರಿಸುತ್ತಿತ್ತು. ಶಾಲಾ ಮಕ್ಕಳನ್ನು ಪರೀಕ್ಷಿಸಿ, ಹೆಚ್ಚು ಬಡಕಲಾದವರಿಗೆ ಆದ್ಯತೆ ನೀಡಲಾಯಿತು. ಊಟವನ್ನು ಮನೆಗೆ ಒಯ್ಯುವಂತಿರಲಿಲ್ಲ; ಮಗು ಅಲ್ಲಿಯೇ ಉಣ್ಣಬೇಕಿತ್ತು. ಮನೆಯಲ್ಲಿ ಹಸಿದಿದ್ದ ಇತರರಿಗೆ ಇದು ನಿಷ್ಠುರ ನಿಯಮವೇ ಆದರೂ, ಆಹಾರ ಉದ್ದೇಶಿತ ಮಗುವಿನ ಹೊಟ್ಟೆ ಸೇರುವುದು ಖಚಿತವಾಯಿತು. ಲಕ್ಷಾಂತರ ಮಕ್ಕಳು ಈ ಊಟದಿಂದ ಚೇತರಿಸಿಕೊಂಡರು.

ಈ ಲೆಕ್ಕಾಚಾರಕ್ಕೂ ಮಿತಿಯಿತ್ತು. ಶಕ್ತಿಯ ಮೊತ್ತವನ್ನೇ ಪ್ರಧಾನವಾಗಿಸಿಕೊಂಡ ನೆಮ್ ಪದ್ಧತಿಯಲ್ಲಿ ವಿಟಮಿನ್‌ಗಳಿಗೆ ತಕ್ಕ ಸ್ಥಾನವಿರಲಿಲ್ಲ. ರಿಕೆಟ್ಸ್ ಸೋಂಕಿನಿಂದ ಬರುತ್ತದೆಂದೇ ಪಿರ್ಕೆ ಭಾವಿಸಿದ್ದರು. ಹಾಗಿದ್ದೂ, ಭಿನ್ನಾಭಿಪ್ರಾಯ ಹೊಂದಿದ್ದ ಬ್ರಿಟಿಷ್ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಅವರ ತಂಡಕ್ಕೆ ತಮ್ಮ ಚಿಕಿತ್ಸಾಲಯದ ಬಾಗಿಲು ತೆರೆದರು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಮತ್ತು ಬಿಸಿಲು ಆ ರೋಗವನ್ನು ತಡೆಯಬಲ್ಲವೆಂದು 1922ರ ವೇಳೆಗೆ ಅಲ್ಲಿಯೇ ಸಿದ್ಧವಾಯಿತು. ತಮ್ಮ ನಂಬಿಕೆಗಿಂತ ಮಕ್ಕಳ ಆರೋಗ್ಯ ದೊಡ್ಡದೆಂಬುದನ್ನು ಪಿರ್ಕೆ ಹೀಗೆ ನಡೆದು ತೋರಿದರು.

ಪಿರ್ಕೆಯವರ ಬದುಕು ದುರಂತದಲ್ಲಿ ಮುಗಿಯಿತು. 1929ರ ಫೆಬ್ರವರಿ 28ರಂದು ಅವರು ಪತ್ನಿ ಮರಿಯಾ ಜೊತೆ ಆತ್ಮಹತ್ಯೆ ಮಾಡಿಕೊಂಡರು. ಅವರಿಗಾಗ 54 ವರ್ಷ. ನೆಮ್ ಮತ್ತು ಪೆಲಿಡಿಸಿ ಬಳಕೆಯಿಂದ ಮರೆಯಾಗಿವೆ. ಬರ, ಯುದ್ಧಗಳ ಪರಿಹಾರ ಶಿಬಿರಗಳಲ್ಲಿ ಮಕ್ಕಳ ದೇಹವನ್ನು ಅಳೆದು, ಹೆಚ್ಚು ಬಳಲಿದವರಿಗೆ ಮೊದಲು ಆಹಾರ ನೀಡುವ ಕ್ರಮ ಮಾತ್ರ ಇಂದಿಗೂ ನಡೆದುಬಂದಿದೆ.