ಕೆಂಪು ಹೆಂಚು ಮತ್ತು ಜಾರ್ಜ್ ಪ್ಲೆಬ್ಸ್ಟ್

ಮಕ್ಕಳೇ, ಶಿವಮೊಗ್ಗದ ಕೋಟೆ ರಸ್ತೆಯಲ್ಲೋ ಭದ್ರಾವತಿಯ ಹಳೇನಗರದಲ್ಲೋ ನಡೆದು ಹೋಗುವಾಗ ಹಳೆಯ ಮನೆಗಳ ಮಾಡನ್ನು ಗಮನಿಸಿದ್ದೀರಾ? ಕೆಂಪು ಹೆಂಚು ಹೊದಿಸಿರುತ್ತಾರೆ. ನಿಮ್ಮ ಶಾಲೆಯದೂ ಹಳೆಯ ಕಟ್ಟಡವಾಗಿದ್ದರೆ ಒಮ್ಮೆ ತಲೆಯೆತ್ತಿ ನೋಡಿ. ಅಲ್ಲಿಯೂ ಅದೇ ಹೆಂಚು ಇರಬಹುದು. ನಾವೆಲ್ಲ ಅದನ್ನು ಮಂಗಳೂರು ಹೆಂಚು ಎನ್ನುತ್ತೇವೆ. ಆದರೆ ಮಂಗಳೂರಿನಲ್ಲಿ ಅದನ್ನು ತಯಾರಿಸಲು ಆರಂಭಿಸಿದವರು ಆ ಊರಿನವರಲ್ಲ. ಜರ್ಮನಿಯಿಂದ ಬಂದು ಅಲ್ಲಿ ವಾಸ ಮಾಡಿದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರ ಕುಶಲಿ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಆರಂಭವಾಯಿತು. ಅದರ ಪಾದ್ರಿಗಳು 1834ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಚ್ಚಾದದ್ದು ಇಲ್ಲಿಯೇ. ಈ ಮುದ್ರಣಾಲಯದ ಕೆಲಸಕ್ಕಾಗಿ 1851ರಲ್ಲಿ ಪ್ಲೆಬ್ಸ್ಟ್ ಮಂಗಳೂರಿಗೆ ಬಂದರು.

ಆಗ ಯುರೋಪಿನಿಂದ ಭಾರತಕ್ಕೆ ಬರುವುದೆಂದರೆ ಇಂದಿನಂತಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹಡಗುಗಳು ಇಡೀ ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಬರಬೇಕಿತ್ತು. ಇಲ್ಲವೇ ಈಜಿಪ್ಟಿನಲ್ಲಿ ಇಳಿದು, ನೆಲದ ಮೇಲೆ ಸಾಗಿ, ಕೆಂಪು ಸಮುದ್ರದಲ್ಲಿ ಮತ್ತೊಂದು ಹಡಗು ಹತ್ತಬೇಕಿತ್ತು. ಹೀಗೆ ಬಂದು ಸೇರುವ ಮಂಗಳೂರು ಆಗ ತೆಂಗಿನ ತೋಟಗಳ ನಡುವಿನ ಒಂದು ಚಿಕ್ಕ ಬಂದರು. ರೈಲು ಇಲ್ಲ, ವಿದ್ಯುತ್ ಇಲ್ಲ. ಜ್ವರ, ಕಾಲರಾ ಮಾತ್ರ ಇದ್ದವು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ರೊನಾಲ್ಡ್ ರಾಸ್ ಅದರ ಗುಟ್ಟು ಬಿಡಿಸಿದ್ದು 1897ರಲ್ಲಿ!

ಇನ್ನು ಮಳೆ. ಬಾಸೆಲ್ ನಗರದಲ್ಲಿ ವರ್ಷವಿಡೀ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಮಂಗಳೂರಿನಲ್ಲಿ ಸಾಮಾನ್ಯವಾಗಿ ಜುಲೈ ಒಂದೇ ತಿಂಗಳಿನಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಮುದ್ರಣದ ಕೆಲಸಕ್ಕೆ ಇದು ದೊಡ್ಡ ತೊಂದರೆ. ಕಾಗದ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೂಷ್ಟು ಹಿಡಿಯುತ್ತದೆ. ಅದರ ಮೇಲೆ ಕನ್ನಡದ ಅಕ್ಷರಗಳು ಬೇರೆ. ಪ್ಲೆಬ್ಸ್ಟ್ ಬಂದ ಮೇಲೆ ಕಲ್ಲಚ್ಚಿನ ಜಾಗಕ್ಕೆ ಅಚ್ಚುಮೊಳೆಗಳು ಬಂದವು. ಸೀಸ, ತವರ, ಆಂಟಿಮನಿ ಸೇರಿಸಿ ಎರಕ ಹೊಯ್ದು ಮಾಡುವ ಒಂದೊಂದು ಅಕ್ಷರದ ತುಂಡೇ ಅಚ್ಚುಮೊಳೆ. ಇಂಗ್ಲಿಷಿಗೆ 26 ಅಕ್ಷರ ಸಾಕು. ದೊಡ್ಡದು, ಚಿಕ್ಕದು ಎರಡೂ ಸೇರಿದರೆ 52. ಕನ್ನಡದಲ್ಲಿಯೋ? ಕಾಗುಣಿತ ಬೇಕು, ಒತ್ತಕ್ಷರ ಬೇಕು. ಒಂದು ‘ಕ’ಕ್ಕೆ ಎಷ್ಟು ರೂಪಗಳಿವೆ ಎಂದು ನೀವೇ ಬರೆದು ಎಣಿಸಿ ನೋಡಿ.

ಮಿಷನ್‌ಗೆ ಇನ್ನೊಂದು ಚಿಂತೆಯೂ ಇತ್ತು. ಕ್ರೈಸ್ತ ಮತಕ್ಕೆ ಸೇರಿದ ಅನೇಕರು ತಮ್ಮ ಹಳೆಯ ಕಸುಬನ್ನೂ ಬಂಧುಬಳಗದ ಆಸರೆಯನ್ನೂ ಕಳೆದುಕೊಂಡಿದ್ದರು. ಅವರ ಸಂಸಾರಗಳು ಉಣ್ಣಬೇಕಲ್ಲ! ನೇಯ್ಗೆಯ ಮಗ್ಗಗಳನ್ನು ಹಾಕಿದ್ದಾಯಿತು. ಅದು ಎಲ್ಲರಿಗೂ ಸಾಲಲಿಲ್ಲ. ಏನು ಮಾಡಬಹುದು ಎಂಬ ಪ್ರಶ್ನೆಗೆ ಪ್ಲೆಬ್ಸ್ಟ್ ಉತ್ತರ ಕಂಡುಕೊಂಡದ್ದು ಕಾಲ ಕೆಳಗಿನ ಮಣ್ಣಿನಲ್ಲಿ.

ನೇತ್ರಾವತಿ ಮತ್ತು ಗುರುಪುರ ನದಿಗಳು ಘಟ್ಟದಿಂದ ನುಣುಪಾದ ಜೇಡಿಮಣ್ಣನ್ನು ಹೊತ್ತು ತಂದು ಮಂಗಳೂರಿನ ಸುತ್ತ ಹಾಸಿವೆ. ಊರಿನ ಕುಂಬಾರರಿಗೆ ಈ ಮಣ್ಣಿನ ಗುಣ ತಲೆತಲಾಂತರದಿಂದ ಗೊತ್ತಿತ್ತು. ಅವರು ಮಡಕೆ ಮಾಡುತ್ತಿದ್ದರು, ಅರ್ಧ ಕೊಳವೆಯಂತೆ ಬಾಗಿದ ನಾಡಹೆಂಚನ್ನೂ ಮಾಡುತ್ತಿದ್ದರು. ಆದರೆ ಬಡವರ ಮನೆಗಳಿಗೆ ಹುಲ್ಲು, ಸೋಗೆಯ ಹೊದಿಕೆಯೇ ಗತಿ. ಅದು ಮಳೆಗೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಸುಟ್ಟುಹೋಗುತ್ತದೆ. ನಾಡಹೆಂಚಿಗೆ ಬೆಂಕಿಯ ಭಯವಿಲ್ಲ. ಆದರೆ ಅದನ್ನು ಒಂದರ ಮೇಲೊಂದು ಬಹಳ ಒತ್ತಾಗಿ ಜೋಡಿಸಬೇಕು. ಗಾಳಿಗೋ ಮಂಗಗಳ ಓಡಾಟಕ್ಕೋ ಸರಿದರೆ ಮನೆಯೊಳಗೆ ಮಳೆ. ಮಲೆನಾಡಿನ ಅಜ್ಜಂದಿರನ್ನು ಕೇಳಿ, ಮಳೆಗಾಲಕ್ಕೆ ಮುನ್ನ ಪ್ರತಿ ವರ್ಷ ಹೆಂಚು ಸರಿಪಡಿಸುವ ಕಷ್ಟವನ್ನು ಹೇಳುತ್ತಾರೆ.

1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಆರಂಭಿಸಿದರು. ಕಾರ್ಖಾನೆ ಎಂದೊಡನೆ ದೊಡ್ಡ ಯಂತ್ರಗಳನ್ನು ಊಹಿಸಿಕೊಳ್ಳಬೇಡಿ. ಒಂದು ಜೊತೆ ಎತ್ತು ತಿರುಗಿ ಮಣ್ಣು ಹದ ಮಾಡುತ್ತಿತ್ತು. ಕೆಲವೇ ಆಳುಗಳು ಅದನ್ನು ಅಚ್ಚಿನಲ್ಲಿ ಒತ್ತುತ್ತಿದ್ದರು. ಮೊದಮೊದಲು ದಿನಕ್ಕೆ ಸುಮಾರು 560 ಹೆಂಚು ತಯಾರಾಗುತ್ತಿದ್ದವು.

ಈ ಬಗೆಯ ಹೆಂಚನ್ನು ಕಂಡುಹಿಡಿದವರೇ ಪ್ಲೆಬ್ಸ್ಟ್ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು 1841ರಲ್ಲಿ ರೂಪಿಸಿದವರು ಫ್ರಾನ್ಸಿನ ಆಲ್ಟ್‌ಕಿರ್ಶ್ ಎಂಬ ಊರಿನ ಗಿಲಾರ್ಡೋನಿ ಸಹೋದರರು. ಆ ಊರು ಬಾಸೆಲ್‌ನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ, ಅಷ್ಟೆ! ಪ್ಲೆಬ್ಸ್ಟ್ ಮಾಡಿದ್ದು ಬೇರೆ ಕೆಲಸ, ನನಗೆ ಅದೇ ಹೆಚ್ಚು ಕಷ್ಟದ್ದೆಂದು ತೋರುತ್ತದೆ. ತಂಪು ದೇಶದ ಹೆಂಚನ್ನು ನೇತ್ರಾವತಿಯ ಮಣ್ಣಿನಲ್ಲಿ, ಇಲ್ಲಿನ ಜನರ ಕೈಯಿಂದ, ಇಲ್ಲಿನ ಮಳೆಗೆ ತಡೆಯುವಂತೆ ಮಾಡಿಸುವುದು ಆ ಕೆಲಸ.

ಕೈಗೆ ಒಂದು ಹೆಂಚು ಸಿಕ್ಕರೆ ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒಂದು ಬದಿಯಲ್ಲಿ ತೋಡು, ಇನ್ನೊಂದು ಬದಿಯಲ್ಲಿ ಏಣು ಇದೆ. ಪಕ್ಕದ ಹೆಂಚಿನ ಏಣು ಈ ತೋಡಿನಲ್ಲಿ ಕೂರುತ್ತದೆ. ಆದ್ದರಿಂದ ಗಾಳಿ ಬೀಸಿದರೂ ಹೆಂಚು ಸುಲಭವಾಗಿ ಸರಿಯುವುದಿಲ್ಲ, ನೀರು ಒಳಗೆ ಇಳಿಯುವುದಿಲ್ಲ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಹೆಂಚಿನ ತೂಕ 2ರಿಂದ 3 ಕಿಲೋಗ್ರಾಂ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹೆಂಚು ಸಾಕು.

ಈಗ ಒಂದು ಪ್ರಯೋಗ. ಜೇಡಿಮಣ್ಣಿನ ಬಿಲ್ಲೆ ಮಾಡಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಒಂದು ಬಟ್ಟಲು ನೀರಿನಲ್ಲಿ ಅದನ್ನು, ಇನ್ನೊಂದರಲ್ಲಿ ಹೆಂಚಿನ ಚೂರನ್ನು ಹಾಕಿಡಿ. ಬಿಲ್ಲೆ ಕರಗಿ ಮತ್ತೆ ಕೆಸರಾಗುತ್ತದೆ. ಹೆಂಚಿನ ಚೂರು ಹಾಗೆಯೇ ಇರುತ್ತದೆ. ಎರಡೂ ಮಣ್ಣೇ ಅಲ್ಲವೇ? ಬಿಸಿಲು ತೆಗೆಯುವುದು ಮಣ್ಣಿನ ಕಣಗಳ ನಡುವಿನ ನೀರನ್ನು ಮಾತ್ರ. ಕಣಗಳ ಒಳಗೇ ಬೆಸೆದುಕೊಂಡ ನೀರಿನ ಅಂಶವೂ ಇರುತ್ತದೆ. ಶಾಖ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದೂ ಹೊರಟುಹೋಗುತ್ತದೆ. ಇನ್ನೂ ಹೆಚ್ಚು ಕಾಯಿಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಅದು ಹಿಂದಿನ ಮಣ್ಣಾಗಲಾರದು. ಕೆಂಪು ಬಣ್ಣ ಬರುವುದು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಕೆಮ್ಮಣ್ಣುಗುಂಡಿಯಿಂದ ಅದಿರು ತರಿಸುತ್ತಿತ್ತಲ್ಲ, ಆ ಅದಿರಿನಲ್ಲಿ ಇದ್ದದ್ದೂ ಕಬ್ಬಿಣದ ಆಕ್ಸೈಡೇ. ಅಲ್ಲಿ ಹೇರಳ, ಇಲ್ಲಿ ಸ್ವಲ್ಪ.

ಜೆಪ್ಪುವಿನ ಹೆಂಚು ಬೇಗ ಹೆಸರು ಮಾಡಿತು. 1868ರಲ್ಲಿ ಪಾಣೆಮಂಗಳೂರಿನಲ್ಲಿ ಪಾಸ್ಕಲ್ ಆಲ್ಬುಕರ್ಕ್ ಅವರು ಭಾರತೀಯರ ಮೊದಲ ಹೆಂಚಿನ ಕಾರ್ಖಾನೆ ಹಾಕಿದರು. ಮಿಷನ್ 1882ರಲ್ಲಿ ಕುದ್ರೋಳಿಯಲ್ಲಿ, ಮುಂದೆ ಮಲ್ಪೆಯಲ್ಲಿ, ಕೇರಳದ ಊರುಗಳಲ್ಲಿ ಕಾರ್ಖಾನೆ ತೆರೆಯಿತು. ಸಾವಿರಾರು ಜನರಿಗೆ, ಅವರಲ್ಲಿ ಎಷ್ಟೋ ಹೆಂಗಸರಿಗೆ ಕೂಲಿ ಸಿಕ್ಕಿತು. ಹೆಂಚು ಹಡಗು ಹತ್ತಿ ಸಿಂಹಳಕ್ಕೆ, ಬರ್ಮಾಕ್ಕೆ, ಆಫ್ರಿಕಾಕ್ಕೆ ಹೋಯಿತು; ಘಟ್ಟ ಹತ್ತಿ ನಮ್ಮ ಮಲೆನಾಡಿಗೂ ಬಂದಿತು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಗೂಡು ಉರಿಸಲು ರಾಶಿ ರಾಶಿ ಸೌದೆ ಬೇಕು, ಮಣ್ಣು ತೆಗೆದಲ್ಲಿ ಗದ್ದೆ ಹೊಂಡವಾಗುತ್ತದೆ. ಕಾಂಕ್ರೀಟು ತಾರಸಿಗಳು ಹೆಚ್ಚಿದ ಮೇಲೆ ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು.

ಆದರೂ ಹಳೆಯ ಹೆಂಚುಗಳು ಮಾಡಿನ ಮೇಲೆ ಇನ್ನೂ ಕುಳಿತಿವೆ. ನಿಮ್ಮ ಊರಿನಲ್ಲಿ ಯಾರಾದರೂ ಹಳೆಯ ಮನೆ ಬಿಚ್ಚುತ್ತಿದ್ದರೆ, ಕೆಳಗಿಳಿಸಿಟ್ಟ ಹೆಂಚನ್ನು ತಿರುಗಿಸಿ ನೋಡಿ. ಅದರ ಮೇಲೆ ತಯಾರಿಸಿದ ಕಾರ್ಖಾನೆಯ ಹೆಸರು ಒತ್ತಿರುತ್ತಾರೆ. ಕೆಲವದರಲ್ಲಿ ಬಾಸೆಲ್ ಮಿಷನ್ ಎಂಬ ಹೆಸರು, 1865 ಎಂಬ ಅಂಕಿ ಇಂಗ್ಲಿಷಿನಲ್ಲಿ ಕಾಣಬಹುದು. ಅದು ಆ ಹೆಂಚು ಹುಟ್ಟಿದ ವರ್ಷವೆಂದು ತಿಳಿಯಬೇಡಿ. ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಎತ್ತುಗಳನ್ನು ಕಟ್ಟಿ ಕೆಲಸ ಆರಂಭಿಸಿದ ವರ್ಷ ಅದು.