ತೆಳುಗಾಳಿಯಲ್ಲಿ ವಿಮಾನ ಏರಿಸಿದ ಡಾ. ವಿ. ಎಂ. ಘಾಟ್ಗೆ

ಗೌನಿಪಲ್ಲಿಯಿಂದ ಹಾರ್ಸ್ಲಿ ಹಿಲ್ಸ್‌ಗೆ ಹಳೆಯ ಬೈಕಿನಲ್ಲಿ ಹೋದವರಿಗೆ ಒಂದು ವಿಷಯ ಗೊತ್ತು. ಬೆಟ್ಟ ಏರಿದಂತೆ ಬೈಕ್ ಎಳೆಯುವುದಿಲ್ಲ. ಏರು ರಸ್ತೆಯೇ ಅದಕ್ಕೆ ಮುಖ್ಯ ಕಾರಣ. ಆದರೆ ಇನ್ನೊಂದು ಸಣ್ಣ ಕಾರಣವೂ ಇದೆ. 1,200 ಮೀಟರ್‌ಗೂ ಎತ್ತರದ ಆ ಜಾಗದಲ್ಲಿ ಗಾಳಿ ನಮ್ಮೂರಿಗಿಂತ ತೆಳುವಾಗಿರುತ್ತದೆ. ಎಂಜಿನ್ ಬರೀ ಪೆಟ್ರೋಲಿನಿಂದ ಓಡುವುದಿಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಶಕ್ತಿಯೂ ಕಡಿಮೆ. ಬೈಕ್ ಸೋತರೆ ಇಳಿದು ತಳ್ಳಬಹುದು. ವಿಮಾನ ಸೋತರೆ ಏನು ಮಾಡುವುದು? ಇಂತಹ ಲೆಕ್ಕಗಳನ್ನು ಕಲಿತು ಬಂದು, ಭಾರತದ್ದೇ ಆದ ತರಬೇತಿ ವಿಮಾನವನ್ನು ಬೆಂಗಳೂರಿನಲ್ಲಿ ರೂಪಿಸಿದವರು ಡಾ. ವಿಷ್ಣು ಮಾಧವ ಘಾಟ್ಗೆ.

ಘಾಟ್ಗೆ ಅವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಈಗಿನ ಮಹಾರಾಷ್ಟ್ರದಲ್ಲಿ. ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿ, ಸಂಶೋಧನೆಗಾಗಿ ಜರ್ಮನಿಯ ಗೊಟ್ಟಿಂಗನ್‌ಗೆ ಹೋದರು. ಅಲ್ಲಿ ಅವರ ಗುರು ಲುಡ್ವಿಗ್ ಪ್ರಾಂಟ್ಲ್. ಹರಿಯುವ ಗಾಳಿ ಒಂದು ವಸ್ತುವಿನ ಮೈಗೆ ತಾಗುವ ಕಡೆ ಬಹಳ ತೆಳುವಾದ ಒಂದು ಪದರ ಉಂಟಾಗುತ್ತದೆ, ರೆಕ್ಕೆಯ ಮೇಲಿನ ಎಳೆತ ಬಹುಮಟ್ಟಿಗೆ ಆ ಪದರವನ್ನು ಅವಲಂಬಿಸಿದೆ ಎಂದು 1904ರಲ್ಲಿ ಜಗತ್ತಿಗೆ ತೋರಿಸಿದವರು ಪ್ರಾಂಟ್ಲ್. ಅವರ ಕೈಕೆಳಗೆ ಕಲಿತ ಘಾಟ್ಗೆ 1936ರಲ್ಲಿ ಡಾಕ್ಟರೇಟ್ ಪಡೆದರು. ಆಗ ಭಾರತದಲ್ಲಿ ವಿಮಾನ ತಯಾರಿಸುವ ಒಂದು ಕಾರ್ಖಾನೆಯೂ ಇರಲಿಲ್ಲ. ಆದರೂ ಅವರು ಸ್ವದೇಶಕ್ಕೆ ಮರಳಿದರು.

ಕಾರ್ಖಾನೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಲು ಹೊರಟಾಗ ಅವರನ್ನು ಬೆಂಗಳೂರಿಗೆ ಬರಮಾಡಿಕೊಂಡದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಘಾಟ್ಗೆ ಈ ಹೊಸ ಕಂಪನಿಗೆ ಸೇರಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದರ ಹೊಣೆಯೂ ಅವರ ಹೆಗಲಿಗೆ ಬಿತ್ತು.

ಅದು ಎರಡನೇ ಮಹಾಯುದ್ಧದ ಕಾಲ. ಕಾರ್ಖಾನೆ ಹೆಚ್ಚಾಗಿ ಅಮೆರಿಕದ ಯುದ್ಧ ವಿಮಾನಗಳ ರಿಪೇರಿ ಕೇಂದ್ರವಾಯಿತು. ಅಲ್ಲಿಗೆ ಬರುತ್ತಿದ್ದ ಲಿಬರೇಟರ್ ಬಾಂಬರ್‌ಗಳ ಎಂಜಿನ್ನಿನಲ್ಲಿ ಟರ್ಬೊ ಸೂಪರ್‌ಚಾರ್ಜರ್ ಎಂಬ ಸಾಧನ ಇರುತ್ತಿತ್ತು. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ತೆಳುಗಾಳಿಯನ್ನು ಒತ್ತಿ, ದಟ್ಟ ಮಾಡಿ ಎಂಜಿನ್ನಿಗೆ ಕೊಡುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಯೂ ಎಂಜಿನ್ ಬಲವಾಗಿ ಓಡುವುದು ಈ ಉಪಾಯದಿಂದಲೇ.

ಸ್ವಾತಂತ್ರ್ಯ ಬಂದ ಬಳಿಕ ವಾಯುಪಡೆಗೆ ಹೊಸ ತರಬೇತಿ ವಿಮಾನ ಬೇಕಾಯಿತು. ಆಗ ಹೊಸಬರು ಕಲಿಯುತ್ತಿದ್ದದ್ದು ಬ್ರಿಟಿಷರ ಹಳೆಯ ಟೈಗರ್ ಮಾತ್‌ನಲ್ಲಿ. ಅದು ಬಟ್ಟೆ ಹೊದಿಸಿದ ಎರಡು ಜೋಡಿ ರೆಕ್ಕೆಗಳ ವಿಮಾನ. ಅದರ ಬದಲಿಗೆ ಪೂರ್ತಿ ಲೋಹದ, ಒಂದೇ ಜೋಡಿ ರೆಕ್ಕೆಯ, ಇಬ್ಬರು ಒಬ್ಬರ ಹಿಂದೊಬ್ಬರು ಕೂರುವ ಎಚ್‌ಟಿ-2 ವಿಮಾನದ ವಿನ್ಯಾಸ ಘಾಟ್ಗೆ ಅವರ ನೇತೃತ್ವದಲ್ಲಿ 1948ರಲ್ಲಿ ಶುರುವಾಯಿತು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇಲ್ಲಿನ ಲೆಕ್ಕ ಕುತೂಹಲ ಹುಟ್ಟಿಸಿತು. ಎಚ್‌ಟಿ-2ಕ್ಕೆ ಹಾಕಿದ ಸಿರಸ್ ಮೇಜರ್ ಎಂಜಿನ್ನಿನ ಶಕ್ತಿ 155 ಅಶ್ವಶಕ್ತಿ. ಇದು ಸಮುದ್ರಮಟ್ಟದ ಲೆಕ್ಕ, ನಮ್ಮ ಭಾಷೆಯಲ್ಲಿ ಒಟ್ಟು ಲಾಭ ಇದ್ದ ಹಾಗೆ. ನಿವ್ವಳ ಎಷ್ಟು ಎಂಬುದನ್ನು ಊರಿನ ಗಾಳಿ ಹೇಳುತ್ತದೆ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಸುಮಾರು 890 ಮೀಟರ್ ಎತ್ತರದಲ್ಲಿದೆ. ಬಿಸಿಲು 30 ಡಿಗ್ರಿಗೆ ಏರಿದ ದಿನ ಅಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಏಳರಲ್ಲಿ ಒಂದು ಪಾಲು ತೆಳು. ಅಂದರೆ ಸುಮಾರು 20 ಅಶ್ವಶಕ್ತಿ ನೆಲ ಬಿಡುವ ಮೊದಲೇ ಖರ್ಚಾಗಿ ಹೋಗಿರುತ್ತದೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ತೆಳುಗಾಳಿಯಲ್ಲಿ ಪ್ರೊಪೆಲ್ಲರ್ ತಳ್ಳುವ ಬಲ ಕಡಿಮೆಯಾಗುತ್ತದೆ. ರೆಕ್ಕೆ ಎತ್ತುವ ಬಲವೂ ಕಡಿಮೆಯಾಗುತ್ತದೆ. ಆದ್ದರಿಂದ ವಿಮಾನ ಹೆಚ್ಚು ವೇಗವಾಗಿ, ಹೆಚ್ಚು ದೂರ ಓಡಿದ ಮೇಲೆ ಏಳಬೇಕು.

ಲಿಬರೇಟರ್‌ನಂತೆ ಇದಕ್ಕೂ ಸೂಪರ್‌ಚಾರ್ಜರ್ ಹಾಕಬಹುದಿತ್ತಲ್ಲ ಎಂದು ಕೇಳಬಹುದು. ಆದರೆ ಅದರಿಂದ ತೂಕ, ಖರ್ಚು, ರಿಪೇರಿ ಎಲ್ಲವೂ ಹೆಚ್ಚುತ್ತವೆ. ಕಲಿಯುವ ಹುಡುಗನಿಗೆ ಬೇಕಾದದ್ದು ಸರಳವಾದ, ತಪ್ಪು ಮಾಡಿದರೂ ಕ್ಷಮಿಸುವ ವಿಮಾನ. ಆದ್ದರಿಂದ ಇದ್ದ ಶಕ್ತಿಯಲ್ಲೇ ಏಳುವಂತೆ ಮೈಯನ್ನು ಹಗುರವಾಗಿಡಬೇಕು, ಎಳೆತ ಕಡಿಮೆ ಮಾಡಬೇಕು. ಗೊಟ್ಟಿಂಗನ್‌ನಲ್ಲಿ ಕಲಿತ ವಿದ್ಯೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಎಂಜಿನ್ ತಣ್ಣಗಿರಲೂ ಗಾಳಿಯೇ ಬೇಕು. ನಾಲ್ಕು ಸಿಲಿಂಡರ್‌ಗಳು ಸಾಲಾಗಿ ನಿಂತಿರುವಾಗ ಮುಂದಿನದಕ್ಕೆ ಗಾಳಿ ಚೆನ್ನಾಗಿ ಸಿಗುತ್ತದೆ, ಹಿಂದಿನದು ಬಿಸಿಯಾಗುತ್ತದೆ. ಅದಕ್ಕಾಗಿ ತಗಡಿನ ತಡೆಗಳನ್ನಿಟ್ಟು ಗಾಳಿಯನ್ನು ಪ್ರತಿ ಸಿಲಿಂಡರಿಗೂ ಹಂಚಬೇಕು. ಮೇಲೇರಿದಾಗ ಗಾಳಿ ಕಡಿಮೆಯಾದರೂ ಕಾರ್ಬ್ಯುರೇಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಅದನ್ನು ತಗ್ಗಿಸುವುದನ್ನೂ ಪೈಲಟ್ ಕಲಿಯಬೇಕು.

1951ರ ಆಗಸ್ಟ್‌ನಲ್ಲಿ ಎಚ್‌ಟಿ-2ರ ಮೊದಲ ಮಾದರಿ ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ಜಮ್‌ಶೆಡ್ ಮುನ್ಷಿ. ಮುಂದೆ 160ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ನಮ್ಮ ವಾಯುಪಡೆಯ ಒಂದು ತಲೆಮಾರು ಅವುಗಳಲ್ಲೇ ಹಾರಲು ಕಲಿಯಿತು. ಆಗಷ್ಟೇ ಸ್ವತಂತ್ರವಾಗಿದ್ದ ಆಫ್ರಿಕಾದ ಘಾನಾ ದೇಶಕ್ಕೂ 12 ವಿಮಾನಗಳು ಹೋದವು. ಯುದ್ಧಕಾಲದಲ್ಲಿ ಬೇರೆಯವರ ವಿಮಾನ ರಿಪೇರಿ ಮಾಡುತ್ತಿದ್ದ ಊರು ಈಗ ತನ್ನ ವಿಮಾನವನ್ನು ಹೊರದೇಶಕ್ಕೆ ಮಾರುವಂತಾಗಿತ್ತು.

ಘಾಟ್ಗೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ 90 ಅಶ್ವಶಕ್ತಿಯ ಪುಷ್ಪಕ್, ಮರುವರ್ಷ ಸೇನೆಯ ವೀಕ್ಷಣೆಗಾಗಿ 225 ಅಶ್ವಶಕ್ತಿಯ ಕೃಷಕ್, 1964ರಲ್ಲಿ ಜೆಟ್ ತರಬೇತಿ ವಿಮಾನ ಕಿರಣ್ ಹಾರಿದವು. 1965ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. 1991ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಸಭಾಭವನಕ್ಕೆ ಅವರ ಹೆಸರಿದೆ.

ಈ ಜೀವನದಲ್ಲಿ ಒಂದು ಬಾಕಿ ಉಳಿದಿದೆ ಎಂದು ನನಗೆ ಅನಿಸುತ್ತದೆ. ಎಚ್‌ಟಿ-2, ಪುಷ್ಪಕ್, ಕೃಷಕ್ ಮೂರರ ಮೈಯೂ ನಮ್ಮದು, ಎಂಜಿನ್ ಮಾತ್ರ ಪರದೇಶದ್ದು. ಸಿರಸ್ ಬ್ರಿಟನ್ನಿನದು. ನಂತರದ ವರ್ಷಗಳಲ್ಲಿ ಕೆಲವು ಎಚ್‌ಟಿ-2ಗಳಿಗೆ ಅಮೆರಿಕದ ಲೈಕಮಿಂಗ್ ಎಂಜಿನ್ ಹಾಕಬೇಕಾಯಿತು. ಎಂಜಿನ್ ಕೊಂಡುಕೊಳ್ಳುವವನು ಬಿಡಿಭಾಗಕ್ಕಾಗಿ ಮಾರುವವನ ಬಾಗಿಲಿಗೆ ಮತ್ತೆ ಮತ್ತೆ ಹೋಗಬೇಕು. ಇದು ಅಂಗಡಿ ನಡೆಸುವ ಯಾರಿಗಾದರೂ ಗೊತ್ತಿರುವ ಮಾತು. ಘಾಟ್ಗೆ ಅವರ ತಂಡ ಅರ್ಧ ಸಾಲ ತೀರಿಸಿತು. ಉಳಿದ ಅರ್ಧ ಮುಂದಿನವರ ಪಾಲಿಗೆ ಬಂದಿದೆ.

ಗೆಳೆಯರೇ, ಕೋಲಾರ ಜಿಲ್ಲೆಯೂ ಬೆಂಗಳೂರಿನ ಹಾಗೆಯೇ ಎತ್ತರದ ಬಯಲು. ನಾವು ಉಸಿರಾಡುವುದೂ ಹೆಚ್ಚುಕಡಿಮೆ ಅದೇ ಗಾಳಿಯನ್ನೇ. ಇಲ್ಲಿ ಅನುಕೂಲ ಕಡಿಮೆ ಎಂದು ನಾವು ಆಗಾಗ ಹೇಳಿಕೊಳ್ಳುತ್ತೇವೆ. ಘಾಟ್ಗೆ ಅವರಿಗೂ ಸಿಕ್ಕಿದ್ದು ತೆಳುಗಾಳಿ ಮತ್ತು ಸಣ್ಣ ಎಂಜಿನ್. ಅವರು ಕೊರತೆಯನ್ನು ಮೊದಲು ಅಳೆದರು, ಆಮೇಲೆ ಅದಕ್ಕೆ ತಕ್ಕ ರೆಕ್ಕೆ ಕಟ್ಟಿದರು. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯರಲ್ಲಿ ಯಾರಾದರೂ ಉಳಿದ ಬಾಕಿಯನ್ನು, ಅಂದರೆ ಎಂಜಿನ್ನನ್ನು, ಕೈಗೆತ್ತಿಕೊಳ್ಳಲಿ. ಅದರ ಲೆಕ್ಕಪತ್ರ ನೋಡಿಕೊಳ್ಳಲು ಕಾಮರ್ಸ್‌ನವರಾದ ನಾವು ಇದ್ದೇವೆ.